ಲಾರಿಯ ಹೇರು: ಕಟ್ಟುವವರಾರು, ಹೊಣೆ ಯಾರದು?

ಪರೇಲಿನಲ್ಲಿ ಬೆಳಗಿನ ನಾಲ್ಕೂವರೆ ಗಂಟೆಗೆ ಎಚ್ಚರವಿರುವವರು ಯಾರೆಂದು ಕೇಳಿದರೆ ನಮ್ಮವರ ಹೆಸರನ್ನೇ ಮೊದಲು ಹೇಳಬೇಕಾದೀತು. ಹೋಟೆಲಿನ ಒಲೆ ಹೊತ್ತಿಸುವವರು, ಇಡ್ಲಿಯ ಪಾತ್ರೆಗೆ ನೀರಿಡುವವರು, ಕೆ. ಇ. ಎಂ. ಹಾಗೂ ಟಾಟಾ ಆಸ್ಪತ್ರೆಗಳ ಬಾಗಿಲಲ್ಲಿ ರಾತ್ರಿ ಕಳೆದ ರೋಗಿಗಳ ಬಂಧುಗಳಿಗೆ ಮೊದಲ ಚಹ ಕೊಡುವವರು ಅವರೇ. ಅದೇ ಹೊತ್ತಿನಲ್ಲಿ ನಿದ್ದೆಗೆಟ್ಟು ಕುಳಿತಿರುವ ಇನ್ನೊಂದು ವರ್ಗವೆಂದರೆ ಲಾರಿಯವರದು. ಹಗಲಿನ ಜನಸಂದಣಿ ಏರುವ ಮೊದಲೇ ಊರೊಳಗಿನ ಕೆಲಸ ಮುಗಿಸಿ ಹೊರಬೀಳುವ ಅವಸರ ಅವರದು. ಅಂಬೇಡ್ಕರ್ ರಸ್ತೆಯ ಕಾಲುಹಾದಿಯಲ್ಲಿ ನಡೆದು ಕೆಲಸಕ್ಕೆ ಹೋಗುವ ಮಾಣಿಯ ಭುಜಕ್ಕೆ ಕೆಲವೇ ಮೊಳಗಳ ದೂರದಲ್ಲಿ ಕಬ್ಬಿಣದ ಸಲಾಕೆ ಹೊತ್ತ, ಪಕ್ಕದ ಗೋಡೆಗಳಿಲ್ಲದ ಲಾರಿಗಳು ಸಾಗುತ್ತವೆ. ಆ ಹೇರನ್ನು ಯಾರು ಕಟ್ಟಿದರು, ಯಾವುದರಿಂದ ಕಟ್ಟಿದರು, ಹೊರಡುವ ಮುನ್ನ ಯಾರು ಪರೀಕ್ಷಿಸಿದರು ಎಂಬ ಪ್ರಶ್ನೆ ಆ ಮಾಣಿಯ ಮನಸ್ಸಿಗೆ ಬರುವುದಿಲ್ಲ. ಬರಬೇಕೆಂಬುದೇ ಇಂದಿನ ನಮ್ಮ ಮಾತಿನ ವಿಷಯ.

ಪರೇಲಿಗೆ ಹೇರಿನ ಗಾಡಿಗಳು ಹೊಸವಲ್ಲ. ಗಿರಣಿಗಳ ಕಾಲದಲ್ಲಿ ಶಿವಡಿಯ ಹತ್ತಿಯ ಗೋದಾಮುಗಳಿಂದ ಬೇಲುಗಳು ಇತ್ತ ಬರುತ್ತಿದ್ದವು, ಬಟ್ಟೆಯ ಗಂಟುಗಳು ಅತ್ತ ಹೋಗುತ್ತಿದ್ದವು. ಹತ್ತಿಯ ಬೇಲು ಇಂದಿನ ಲೆಕ್ಕದಲ್ಲಿ ೧೭೦ ಕಿಲೋ ತೂಗಿದರೂ ಅದು ಮೆತ್ತನೆಯ ಸರಕು. ಒಂದರ ಮೇಲೊಂದು ಒತ್ತಿ ಕೂರುತ್ತದೆ, ಸುಲಭವಾಗಿ ಜಾರದು. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದ ತರುವಾಯ ಆ ಲೋಕ ಕುಸಿಯಿತು. ಗಿರಣಿಯ ಚಿಮಣಿಗಳಿದ್ದಲ್ಲಿ ಗಾಜು ಮತ್ತು ಕಾಂಕ್ರೀಟಿನ ಗೋಪುರಗಳೆದ್ದವು. ಇಂದು ಪರೇಲಿಗೆ ಬರುವ ಹೇರು ಹನ್ನೆರಡು ಮೀಟರು ಉದ್ದದ ಉಕ್ಕಿನ ಸಲಾಕೆ, ಗಾಜಿನ ಹಲಗೆ, ಕಲ್ಲು, ತೊಲೆ, ಯಂತ್ರ. ಇವು ಮೆತ್ತಗಿಲ್ಲ, ಜಾರುತ್ತವೆ, ಉರುಳುತ್ತವೆ, ಚುಚ್ಚುತ್ತವೆ. ಸರಕು ಬದಲಾಯಿತು, ಆದರೆ ಹಗ್ಗ ಎಸೆದು ಗಂಟು ಹಾಕುವ ಹಳೆಯ ವಾಡಿಕೆ ಅನೇಕ ಕಡೆ ಬದಲಾಗಲಿಲ್ಲ.

ಇದಕ್ಕೆ ಇತ್ತೀಚಿನ ಇನ್ನೊಂದು ಇಕ್ಕಟ್ಟು ಕೂಡಿದೆ. ಶಿವಡಿ–ವರಳಿ ಎತ್ತರದ ಮಾರ್ಗದ ಕೆಲಸಕ್ಕಾಗಿ ಎಲ್ಫಿನ್‌ಸ್ಟನ್ ಸೇತುವೆಯನ್ನು ೨೦೨೫ರ ಸೆಪ್ಟೆಂಬರ್ ೧೨ರಂದು ಮುಚ್ಚಲಾಯಿತು. ಪರೇಲ್ ಮತ್ತು ಪ್ರಭಾದೇವಿಗಳ ನಡುವೆ ಓಡಾಡುತ್ತಿದ್ದ ವಾಹನಗಳಿಗೆ ದಾದರಿನ ತಿಲಕ್ ಸೇತುವೆ, ಕರಿ ರೋಡ್ ಸೇತುವೆ, ಚಿಂಚ್‌ಪೋಕ್ಳಿ ಸೇತುವೆಗಳ ಸುತ್ತುದಾರಿಯನ್ನು ತೋರಿಸಲಾಯಿತು. ಹೆಚ್ಚು ತಿರುವು, ಹೆಚ್ಚು ಏರಿಳಿತ, ಹೆಚ್ಚು ಬಾರಿ ಬ್ರೇಕು. ಹೇರಿದ ಲಾರಿಯ ಕಟ್ಟಿಗೆ ಇವೆಲ್ಲವೂ ಪರೀಕ್ಷೆಗಳೇ.

ಹೇರು ಏಕೆ ಬೀಳುತ್ತದೆಂಬುದನ್ನು ಹೋಟೆಲಿನಲ್ಲಿ ಕೆಲಸ ಮಾಡಿದವನಿಗೆ ಹೇಳಿಕೊಡಬೇಕಾಗಿಲ್ಲ. ತಟ್ಟೆಯ ಮೇಲೆ ಎಂಟು ಲೋಟ ಚಹವಿಟ್ಟುಕೊಂಡು ಓಡುವ ಮಾಣಿ ಗಿರಾಕಿಯೊಬ್ಬ ಅಡ್ಡ ಬಂದೊಡನೆ ಗಕ್ಕನೆ ನಿಲ್ಲುತ್ತಾನೆ; ಅವನು ನಿಂತರೂ ಲೋಟಗಳು ನಿಲ್ಲುವುದಿಲ್ಲ. ತಟ್ಟೆ ಒದ್ದೆಯಿದ್ದರಂತೂ ಕೇಳುವುದೇ ಬೇಡ. ಲಾರಿಯ ಹಲಗೆಯೂ ಅಂಥದೇ ಒಂದು ತಟ್ಟೆ. ಚಾಲಕ ಬ್ರೇಕು ಒತ್ತಿದಾಗ ನಿಲ್ಲುವುದು ಲಾರಿ. ಹೇರು ಮುಂದಕ್ಕೆ ಹೋಗಲೆಣಿಸುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ಹೋಗಲೆಣಿಸುತ್ತದೆ. ಏರಿನಲ್ಲಿ ಹೊರಟಾಗ ಹಿಂದಕ್ಕೆ ಜಾರಲೆಣಿಸುತ್ತದೆ.

ಈ ಒತ್ತಡ ಎಷ್ಟೆಂಬುದಕ್ಕೆ ಲೆಕ್ಕವಿದೆ. ಯುರೋಪು, ಅಮೆರಿಕ, ಆಸ್ಟ್ರೇಲಿಯಗಳ ನಿಯಮಗಳು ಈ ವಿಷಯದಲ್ಲಿ ಬಹುಮಟ್ಟಿಗೆ ಒಮ್ಮತವುಳ್ಳವು: ಹೇರಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನು ಮುಂದಕ್ಕೂ, ಅರ್ಧದಷ್ಟು ಬಲವನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯುವಂತೆ ಸರಕನ್ನು ಬಂಧಿಸಿರಬೇಕು. ಹತ್ತು ಟನ್ನಿನ ಒಂದು ಉಕ್ಕಿನ ಸುರುಳಿಯನ್ನೇ ತೆಗೆದುಕೊಳ್ಳೋಣ. ಮುಂದಕ್ಕೆ ನುಗ್ಗುವ ಎಂಟು ಟನ್ನಿನ ಬಲವನ್ನು ಏನಾದರೊಂದು ತಡೆಯಬೇಕು. “ಅಷ್ಟು ಭಾರದ ವಸ್ತು, ತನ್ನ ಭಾರದಿಂದಲೇ ಕೂತಿರುತ್ತದೆ” ಎಂಬ ಮಾತು ಗೋದಾಮುಗಳಲ್ಲಿ ಸಾಮಾನ್ಯ. ಅದು ಶುದ್ಧ ಭ್ರಮೆ. ನುಣುಪಾದ ಉಕ್ಕು ಉಕ್ಕಿನ ಹಲಗೆಯ ಮೇಲೆ ಕೂತಾಗ ಘರ್ಷಣೆಯಿಂದ ದೊರೆಯುವ ಹಿಡಿತ ತೂಕದ ಐದನೆಯ ಒಂದು ಪಾಲಿನಷ್ಟು ಮಾತ್ರ. ಅಂದರೆ ಎರಡು ಟನ್ನು. ಉಳಿದ ಆರು ಟನ್ನಿಗೆ ಯಾರು ಹೊಣೆ?

“ಮೇಲಿಂದ ಹಗ್ಗ ಬಿಗಿದಿದ್ದೇವಲ್ಲ” ಎಂಬುದು ಮುಂದಿನ ಉತ್ತರ. ಮೇಲಿಂದ ಬಿಗಿದ ಹಗ್ಗ ಹೇರನ್ನು ಎಳೆದು ನಿಲ್ಲಿಸುವುದಿಲ್ಲ. ಅದನ್ನು ಹಲಗೆಗೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಆ ನುಣುಪಾದ ಹಲಗೆಯ ಮೇಲೆ ಆರು ಟನ್ನಿನ ಹಿಡಿತ ಬೇಕಾದರೆ ಮೂವತ್ತು ಟನ್ನಿನ ಒತ್ತಡ ಹಾಕಬೇಕು. ಯಾವ ಹಗ್ಗವೂ ಅದನ್ನು ಮಾಡಲಾರದು. ಆದರೆ ಸುರುಳಿಯ ಅಡಿಗೆ ಒಳ್ಳೆಯ ರಬ್ಬರು ಹಾಸು ಹಾಕಿದರೆ ಘರ್ಷಣೆಯ ಹಿಡಿತವೇ ಆರು ಟನ್ನಿನವರೆಗೆ ಏರುತ್ತದೆ. ಉಳಿಯುವುದು ಎರಡೇ ಟನ್ನು. ಅದಕ್ಕೆ ಮೂರೂವರೆ ಟನ್ನಿನಷ್ಟು ಒತ್ತಡ ಸಾಕು, ಇಲ್ಲವೆ ಮುಂದುಗಡೆ ಬಲವಾದ ಅಡ್ಡತೊಲೆ ಸಾಕು. ಹಗ್ಗ ಹೆಚ್ಚಿಸುವ ಮೊದಲು ಅಡಿಯ ಹಾಸನ್ನೂ ಮುಂದಿನ ಅಡ್ಡವನ್ನೂ ನೋಡಬೇಕೆಂಬ ಈ ಪಾಠಕ್ಕೆ ದೊಡ್ಡ ವಿದ್ಯೆ ಬೇಡ, ಕಲಿಸುವವರು ಬೇಕು.

ಇನ್ನೂ ಕೆಲವು ಸಣ್ಣ ಸಂಗತಿಗಳಿವೆ. ಮೇಲಿಂದ ಹಾದ ಪಟ್ಟಿ ನೇರವಾಗಿ ಕೆಳಗಿಳಿದಾಗ ಅದರ ಒತ್ತುವ ಬಲ ಪೂರ್ಣ. ಓರೆಯಾಗಿ, ಹಲಗೆಗೆ ಮೂವತ್ತು ಅಂಶದ ಕೋನದಲ್ಲಿ ಇಳಿದರೆ ಅದು ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಗಿಡ್ಡ ಹೇರಿಗೆ ಮೇಲುಹಗ್ಗದ ಪ್ರಯೋಜನ ಕಡಿಮೆ. ಉಕ್ಕಿನ ಅಂಚಿಗೆ ತಾಗಿದ ಹಗ್ಗ ಪ್ರತಿ ಕುಲುಕಿನಲ್ಲೂ ಸವೆಯುತ್ತದೆ. ಅಂಚಿಗೆ ಮೆತ್ತೆ ಕೊಡಬೇಕು. ಉರುಳುವ ವಸ್ತುವಿಗೆ ಎರಡೂ ಬದಿಯಲ್ಲಿ ಬೆಣೆ ಕೊಟ್ಟು ಆ ಬೆಣೆಗಳನ್ನು ಹಲಗೆಗೆ ಬಂಧಿಸಬೇಕು. ಟಾರ್ಪಾಲು ಮಳೆಯನ್ನು ತಡೆದೀತು, ಹೇರನ್ನು ತಡೆಯಲಾರದು. ದಾರಿಯ ಕುಲುಕಿಗೆ ಸರಕು ಕುಸಿದು ಕೂತಂತೆ ಗೋದಾಮಿನಲ್ಲಿ ಬಿಗಿಯಾಗಿದ್ದ ಕಟ್ಟು ಸಡಿಲವಾಗುತ್ತದೆ. ಅಮೆರಿಕದ ನಿಯಮ ಹೊರಟ ಐವತ್ತು ಮೈಲು, ಎಂದರೆ ಸುಮಾರು ೮೦ ಕಿಲೋಮೀಟರಿನೊಳಗೆ ಕಟ್ಟನ್ನು ಮತ್ತೆ ಪರೀಕ್ಷಿಸಬೇಕೆನ್ನುವುದು ಈ ಕಾರಣದಿಂದಲೇ. ಪನ್ವೇಲಿನ ಬಳಿಯ ಕಳಂಬೋಲಿಯ ಉಕ್ಕಿನ ಪೇಟೆಯಿಂದ ಪರೇಲಿಗೆ ಬರುವ ಲಾರಿ ಅಷ್ಟು ದೂರವನ್ನು ಕ್ರಮಿಸುವುದೇ ಇಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಮ್ಮ ರಸ್ತೆಗಳ ಹೊಂಡಗಳು ದೂರದ ಕೊರತೆಯನ್ನು ತುಂಬಿಕೊಡುತ್ತವೆ.

ಕಾಯಿದೆ ಇಲ್ಲವೆಂದಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಮಾಡಿದ ತಿದ್ದುಪಡಿಯಂತೆ, ಮಿತಿ ಮೀರಿ ಹೇರಿದರೆ ೨೦,೦೦೦ ರೂಪಾಯಿ ದಂಡ. ಮೀರಿದ ಪ್ರತಿ ಟನ್ನಿಗೆ ಮತ್ತೆ ೨,೦೦೦ ರೂಪಾಯಿ. ಹೆಚ್ಚಿನ ಹೇರನ್ನು ಇಳಿಸದೆ ಲಾರಿ ಮುಂದೆ ಹೋಗುವಂತಿಲ್ಲ. ಹೇರು ಲಾರಿಯ ಒಡಲನ್ನು ಮೀರಿ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮಿತಿಗಿಂತ ಎತ್ತರಕ್ಕೆ ಚಾಚಿದರೂ ೨೦,೦೦೦ ರೂಪಾಯಿ. ಹಿಂಬದಿಗೆ ಸಲಾಕೆಗಳು ಒಂದಿಷ್ಟು ಚಾಚಬಹುದೆಂದು ಮೊದಲಿದ್ದ ರಿಯಾಯಿತಿಯನ್ನು ಕೇಂದ್ರ ಸರಕಾರ ೨೦೧೪ರಲ್ಲಿಯೇ ತೆಗೆದುಹಾಕಿತು. ಕತ್ತಲಲ್ಲಿ ನಿಂತ ಲಾರಿಯ ಸಲಾಕೆಗಳಿಗೆ ಹಿಂದಿನಿಂದ ಬಂದವರು ಬಲಿಯಾಗುತ್ತಿದ್ದುದೇ ಅದಕ್ಕೆ ಕಾರಣ. ಇನ್ನೊಂದೆಡೆ ೨೦೧೮ರ ಜುಲೈಯಲ್ಲಿ ಅಚ್ಚುಗಳ ಮೇಲಿನ ತೂಕದ ಮಿತಿಯನ್ನು ಸರಕಾರವೇ ಏರಿಸಿತು. ನಾಲ್ಕು ಚಕ್ರಗಳ ಒಂದು ಅಚ್ಚಿಗೆ ೧೦.೨ ಟನ್ನು ಇದ್ದುದು ೧೧.೫ ಟನ್ನಾಯಿತು. ಒಂದೇ ಲಾರಿ ಈಗ ಕಾಯಿದೆಯೊಳಗಿದ್ದೇ ಹೆಚ್ಚು ಹೊರಬಹುದು. ಹೆಚ್ಚು ಹೊರುವ ಅಪ್ಪಣೆ ಕೊಟ್ಟಾಗ ಹೆಚ್ಚು ಭದ್ರವಾಗಿ ಕಟ್ಟುವ ಶಿಕ್ಷಣವೂ ಅದರ ಜೊತೆಗೆ ಬರಬೇಕಾಗಿತ್ತಲ್ಲವೇ?

ದಂಡದ ಈ ಕಲಮು ಅಳೆಯುವುದು ತೂಕವನ್ನು ಮತ್ತು ಚಾಚುವಿಕೆಯನ್ನು, ಕಟ್ಟಿನ ಬಲವನ್ನಲ್ಲ. ಮಿತಿಯೊಳಗಿನ ತೂಕವನ್ನು ಒಡಲೊಳಗೇ ಇಟ್ಟು, ಕೊಳೆತ ಹಗ್ಗದಿಂದ ಕಟ್ಟಿದ ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸಿದರೆ ಅದು ನಿರಪರಾಧಿಯಾಗಿಯೇ ಹೊರಬರುತ್ತದೆ. ಹೇರು ಕಳಚಿ ಯಾರಾದರೂ ಸತ್ತ ಮೇಲೆ ಮಾತ್ರ ಕಟ್ಟಿನ ವಿಚಾರ ಬರುತ್ತದೆ. ಅಟ್ಟ ಮೇಲೆ ಒಲೆ ಉರಿದಂತೆ.

ಆಗ ಕೈಗೆ ಸಿಗುವವನು ಚಾಲಕ. ನಿಷ್ಕಾಳಜಿಯಿಂದ ಸಾವು ಸಂಭವಿಸಿದರೆ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆ. ಸ್ಥಳದಿಂದ ಓಡಿಹೋದ ಚಾಲಕನಿಗೆ ಹತ್ತು ವರ್ಷಗಳವರೆಗೆ ಶಿಕ್ಷೆಯೆಂಬ ಉಪಕಲಮನ್ನು ವಿರೋಧಿಸಿ ೨೦೨೪ರ ಜನವರಿಯ ಮೊದಲ ದಿನಗಳಲ್ಲಿ ಲಾರಿ ಚಾಲಕರು ಕೆಲಸ ನಿಲ್ಲಿಸಿದುದು ವಾಚಕರಿಗೆ ನೆನಪಿರಬಹುದು. ಪೆಟ್ರೋಲ್ ಪಂಪುಗಳ ಮುಂದೆ ಸಾಲು ಬೆಳೆದಿತ್ತು. ಆ ಉಪಕಲಮನ್ನು ಸರಕಾರ ಜಾರಿಗೆ ತರದೆ ತಡೆಹಿಡಿಯಿತು. ಓಡಿಹೋಗುವುದನ್ನು ನಾವು ಸಮರ್ಥಿಸುವವರಲ್ಲ. ಆದರೆ ಆ ಚಾಲಕರ ರೋಷದ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿತ್ತು: ದಾರಿಯಲ್ಲಿ ನಡೆಯುವ ಎಲ್ಲ ತಪ್ಪಿಗೂ ಸ್ಟೇರಿಂಗ್ ಹಿಡಿದವನೊಬ್ಬನೇ ಹೊಣೆಯೇ?

ಹೇರಿನ ವಿಷಯದಲ್ಲಿ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ. ಸರಕು ಯಾವುದು, ಎಷ್ಟು, ಯಾವ ಹೊತ್ತಿಗೆ ತಲಪಬೇಕೆಂದು ಗೊತ್ತು ಮಾಡುವವನು ವ್ಯಾಪಾರಿ. ಲಾರಿಗೆ ಒಳ್ಳೆಯ ಸರಪಳಿ, ಪಟ್ಟಿ, ರಬ್ಬರು ಹಾಸು ಕೊಡಿಸಬೇಕಾದವನು ಮಾಲೀಕ. ಏರಿಸುವವರು ಹಮಾಲರು, ಏರಿಸುವ ಕ್ರಮ ಹೇಳುವವನು ಮುಕಾದಮ. ಚಲನಿನಲ್ಲಿ ತೂಕ ಬರೆಯುವವನು ಗುಮಾಸ್ತ. ಈ ಐವರ ಕೈ ದಾಟಿದ ಮೇಲೆ ಹೇರು ಚಾಲಕನ ಪಾಲಿಗೆ ಬರುತ್ತದೆ. ನಡುರಾತ್ರಿ, ದೀಪ ಮಸುಕಾದ ಅಂಗಳದಲ್ಲಿ, “ಬೇಗ ತೆಗೆ, ಹಿಂದೆ ಇನ್ನೊಂದು ಗಾಡಿಯಿದೆ” ಎಂಬ ಕೂಗಿನ ನಡುವೆ ಅವನೂ ಕ್ಲೀನರನೂ ಹಗ್ಗ ಎಸೆಯುತ್ತಾರೆ. ಕಟ್ಟಲು ವ್ಯಯಿಸಿದ ಅರ್ಧ ಗಂಟೆಗೆ ಅವರಿಗೆ ಬಾಡಿಗೆಯಿಲ್ಲ. ತಡವಾದರೆ ಮಾತ್ರ ಬೈಗುಳವಿದೆ.

ಹಮಾಲರ ಪರವಾಗಿ ಈ ಊರು ಒಂದು ಒಳ್ಳೆಯ ಕೆಲಸ ಮಾಡಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಅಣ್ಣಾಸಾಹೇಬ ಪಾಟೀಲರ ಮುಂದಾಳುತನದಲ್ಲಿ ನಡೆದ ಹೋರಾಟದ ಫಲವಾಗಿ ೧೯೬೯ರಲ್ಲಿ ಮಹಾರಾಷ್ಟ್ರದ ಮಾಥಾಡಿ ಮತ್ತು ಹಮಾಲ ಕಾಯಿದೆ ಬಂದಿತು. ನಿತ್ಯವೂ ಬೇರೆ ಬೇರೆ ಧಣಿಗಳ ಬಳಿ ದುಡಿಯುವ ಕೂಲಿಯವನಿಗೂ ನೋಂದಣಿ, ಕೂಲಿಯ ಲೆಕ್ಕ, ಭವಿಷ್ಯನಿಧಿಗಳು ಇರಬಹುದೆಂದು ಆ ಕಾಯಿದೆ ತೋರಿಸಿಕೊಟ್ಟಿತು. ಹೇರುವವನ ಕೂಲಿಗೆ ಮಂಡಳಿಯೊಂದು ಇರಬಹುದಾದರೆ, ಹೇರುವ ವಿದ್ಯೆಗೂ ಅದೇ ಮಂಡಳಿ ವ್ಯವಸ್ಥೆ ಮಾಡಬಾರದೇಕೆ? ವರ್ಷಕ್ಕೆ ಎರಡು ದಿನ ಕೂಲಿ ಕೊಟ್ಟು, ಸರಕನ್ನು ಕೂರಿಸುವ ಹಾಗೂ ಕಟ್ಟುವ ಕ್ರಮವನ್ನು ಮರಾಠಿ, ಹಿಂದಿ, ಕನ್ನಡಗಳಲ್ಲಿ ಕಲಿಸಿದರೆ ಯಾವ ಬೊಕ್ಕಸವೂ ಬರಿದಾಗದು.

ಹೊರದೇಶಗಳಲ್ಲಿ ಈ ಹೊಣೆಯನ್ನು ಹಂಚಿದ ಉದಾಹರಣೆಗಳಿವೆ. ಆಸ್ಟ್ರೇಲಿಯದಲ್ಲಿ ೨೦೧೪ರಿಂದ ನಡೆಯುತ್ತಿರುವ ಭಾರದ ವಾಹನಗಳ ಕಾಯಿದೆ ಹೊಣೆಯ ಸರಪಳಿ ಎಂಬ ತತ್ತ್ವವನ್ನು ಹಿಡಿದಿದೆ. ಸರಕು ಕಳಿಸುವವನು, ಕಟ್ಟುವವನು, ಏರಿಸುವವನು, ಪ್ರಯಾಣದ ಹೊತ್ತು ಗೊತ್ತು ಮಾಡುವವನು, ಚಾಲಕನನ್ನು ಕೆಲಸಕ್ಕಿಟ್ಟವನು ಎಲ್ಲರೂ ಆ ಸರಪಳಿಯ ಕೊಂಡಿಗಳು; ತಮ್ಮ ಕೈಯಳತೆಯ ತಪ್ಪಿಗೆ ತಾವೇ ಉತ್ತರವಾದಿಗಳು. ಅದೇ ೨೦೧೪ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸಮುದ್ರಯಾನ ಸಂಸ್ಥೆಯೂ ವಿಶ್ವಸಂಸ್ಥೆಯ ಯುರೋಪು ಆರ್ಥಿಕ ಆಯೋಗವೂ ಕೂಡಿ ಸರಕು ತುಂಬುವ ಕ್ರಮದ ಸಂಹಿತೆಯೊಂದನ್ನು ಒಪ್ಪಿದುವು. ನಮ್ಮ ಕಾಯಿದೆಯಲ್ಲಿಯೂ ಈ ತತ್ತ್ವದ ಬೀಜವಿದೆ. ಮಿತಿ ಮೀರಿದ ಲಾರಿಯನ್ನು ಓಡಿಸುವವನಷ್ಟೇ ಅಲ್ಲ, ಓಡಿಸಲು ಹಚ್ಚುವವನೂ ಬಿಡುವವನೂ ದಂಡಾರ್ಹನೆಂದು ಅದು ಹೇಳುತ್ತದೆ. ಆ ಬೀಜಕ್ಕೆ ನೀರೆರೆಯುವ ಕೈ ಬೇಕು.

ದೂರದ ದೇಶಗಳ ಮಾತೇಕೆ? ನಮ್ಮೂರಿನ ದಾರಿಯಲ್ಲಿಯೇ ಒಂದು ಪಾಠವಿದೆ. ರಜೆಗೆ ಊರಿಗೆ ಹೋಗುವಾಗ ಕೊಂಕಣ ರೈಲಿನ ಕಿಟಕಿಯಿಂದ ನಮ್ಮಲ್ಲಿ ಅನೇಕರು ಒಂದು ವಿಚಿತ್ರ ಗಾಡಿಯನ್ನು ಕಂಡಿರಬಹುದು: ಬರಿಯ ಹಲಗೆಯ ವ್ಯಾಗನುಗಳ ಮೇಲೆ ಸಾಲಾಗಿ ನಿಂತ ಲಾರಿಗಳು. ೧೯೯೯ರಲ್ಲಿ ಕೋಲಾಡದಿಂದ ಗೋವೆಯ ವೆರ್ಣಾದವರೆಗೆ ಆರಂಭವಾದ ಈ ಸೇವೆ ಮುಂದೆ ಮಂಗಳೂರಿನ ಬಳಿಯ ಸುರತ್ಕಲ್ಲಿನವರೆಗೆ ವಿಸ್ತರಿಸಿತು. ತೊಂಬತ್ತಕ್ಕೂ ಮೇಲ್ಪಟ್ಟ ಸುರಂಗಗಳ ಆ ದಾರಿಯಲ್ಲಿ ಎತ್ತರದ ಮಿತಿ ಮೀರಿದ ಲಾರಿಗೆ ಎಡೆಯಿಲ್ಲ. ಅಲ್ಲಿ ಲಾರಿಯೇ ಹೇರು. ಅಳತೆ ನೋಡದೆ, ಭದ್ರಪಡಿಸದೆ ಗಾಡಿ ಹೊರಡದು. ಚಾಲಕ ಅವಸರಪಡಿಸಿದರೂ ಇಲ್ಲ, ವ್ಯಾಪಾರಿ ಬೊಬ್ಬಿಟ್ಟರೂ ಇಲ್ಲ. ಅದೇ ಲಾರಿ ಸುರತ್ಕಲ್ಲಿನಲ್ಲಿ ಇಳಿದು ಹೆದ್ದಾರಿಗೆ ಬಂದೊಡನೆ ಅದರ ಬೆನ್ನ ಮೇಲಿನ ಕಟ್ಟನ್ನು ಕೇಳುವವರಿಲ್ಲ. ಹಳಿಯ ಮೇಲೆ ಸಾಧ್ಯವಾದ ಶಿಸ್ತು ರಸ್ತೆಯ ಮೇಲೆ ಅಸಾಧ್ಯವೆಂದು ನಾವು ಒಪ್ಪಲಾರೆವು.

ಹೇರಿನ ಮೇಲೆ ಮನುಷ್ಯರನ್ನು ಕೂರಿಸುವ ಪದ್ಧತಿಯಂತೂ ಎಲ್ಲಕ್ಕಿಂತ ಘೋರ. ೨೦೨೫ರ ಜನವರಿ ೨೨ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರದ ಬಳಿ ಕಣಿವೆಗೆ ಉರುಳಿತು. ಸರಕಿನೊಂದಿಗೆ ಅದರ ವ್ಯಾಪಾರಿಗಳೂ ಆ ಲಾರಿಯಲ್ಲಿದ್ದರು. ಹತ್ತು ಮಂದಿ ಮಡಿದರು. ಅವರು ಐಶ್ವರ್ಯವಂತರಲ್ಲ, ಬಸ್ಸಿನ ದುಡ್ಡು ಉಳಿಸಿ, ಸರಕಿನ ಕಾವಲಿಗೆ ತಾವೇ ಕೂತು, ಸಂತೆಯಲ್ಲಿ ನಾಲ್ಕು ಕಾಸು ಕಾಣಲು ಹೊರಟ ಜನ. ಲಾರಿ ವಾಲಿದಾಗ ಮೂಟೆಗಳು ಮನುಷ್ಯರ ಮೇಲೆ ಬೀಳುತ್ತವೆ, ಮನುಷ್ಯರು ಮೂಟೆಗಳ ಅಡಿಯಲ್ಲಿ ಸಿಕ್ಕುತ್ತಾರೆ. ಇಲ್ಲಿ ಮುಂಬಯಿಯಲ್ಲಿಯೂ ಮಾರುಕಟ್ಟೆಯಿಂದ ಹೋಟೆಲಿಗೆ ಸಾಮಾನು ತರುವ ಹುಡುಗ ಟೆಂಪೋದ ಮೂಟೆಗಳ ಮೇಲೆ ಕೂತು ಬರುವುದನ್ನು ನಾವು ಕಂಡಿದ್ದೇವೆ. ಅವನ ಧಣಿ ಆ ದಿನ ಉಳಿಸುವುದು ಒಂದು ರೈಲು ಟಿಕೆಟಿನ ಹಣ.

ಕೇಂದ್ರ ಸಾರಿಗೆ ಖಾತೆಯ ವರದಿಯಂತೆ ೨೦೨೨ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ದಿನಕ್ಕೆ ೪೬೧ಕ್ಕೂ ಹೆಚ್ಚು. ಇವರೆಲ್ಲರೂ ಸಡಿಲ ಹೇರಿಗೆ ಬಲಿಯಾದವರಲ್ಲ, ನಿಜ. ಆದರೆ ಇಷ್ಟು ದೊಡ್ಡ ಸಂಖ್ಯೆಯನ್ನು ಒಂದೇ ಔಷಧ ಇಳಿಸಲಾರದು. ಒಂದೊಂದೇ ಕಾರಣವನ್ನು ಹಿಡಿದು ತಿದ್ದುತ್ತ ಹೋಗಬೇಕು. ಹೇರಿನ ಕಟ್ಟು ಅವುಗಳಲ್ಲಿ ಅಗ್ಗದಲ್ಲಿ ತಿದ್ದಬಹುದಾದ ಒಂದು.

ಸರಕಾರ ಮಾಡಬೇಕಾದುದೇನು? ತೂಕದ ಕಾಟಾ ಹೆದ್ದಾರಿಯ ಮೇಲಿದ್ದರೆ ಸಾಲದು. ದೊಡ್ಡ ಗೋದಾಮು, ಬಂದರು, ಉಕ್ಕಿನ ಪೇಟೆಗಳ ಬಾಗಿಲಲ್ಲಿಯೇ ತೂಕದ ಜೊತೆಗೆ ಕಟ್ಟನ್ನೂ ನೋಡಿ ಬಿಡುವ ವ್ಯವಸ್ಥೆ ಆಗಬೇಕು. ಚಲನಿನಲ್ಲಿ ಸರಕಿನ ತೂಕದ ಪಕ್ಕದಲ್ಲಿ, ಹೇರಿ ಕಟ್ಟಿಸಿದವನ ಹೆಸರೂ ರುಜುವೂ ಇರಬೇಕು. ಕಟ್ಟು ಕಳಚಿದ ಪ್ರಕರಣದಲ್ಲಿ ತನಿಖೆ ಚಾಲಕನಲ್ಲಿಗೆ ನಿಲ್ಲದೆ ಆ ರುಜುವಿನವರೆಗೂ ಹೋಗಬೇಕು. ಹೊಸ ಲಾರಿಗಳ ಹಲಗೆಯಲ್ಲಿ ಕಟ್ಟುವ ಕೊಂಡಿಗಳು ಎಷ್ಟು ಬಲದವಾಗಿರಬೇಕು, ಎಷ್ಟು ಅಂತರದಲ್ಲಿರಬೇಕು ಎಂಬುದನ್ನು ಪರವಾನಿಗೆ ಕೊಡುವಾಗಲೇ ಪರೀಕ್ಷಿಸಬೇಕು.

ಇನ್ನು ನಮ್ಮ ಪಾಲಿನ ಕೆಲಸ. ಸಾರಿಗೆ ಕಚೇರಿಗಳಲ್ಲಿ, ಗೋದಾಮುಗಳಲ್ಲಿ, ಕ್ಲಿಯರಿಂಗ್ ಏಜೆಂಟರಲ್ಲಿ ಲೇಖನಿ ಹಿಡಿದು ಕುಳಿತ ಕನ್ನಡಿಗರು ಈ ಊರಲ್ಲಿ ಕಡಿಮೆಯಿಲ್ಲ. ಹದಿನಾಲ್ಕು ಟನ್ನನ್ನು ಹತ್ತು ಎಂದು ಬರೆಯೆಂದು ಮೇಲಿನವರು ಹೇಳಿದಾಗ ಬರೆಯುವ ಕೈ ನಮ್ಮದಾಗಿರುತ್ತದೆ. ನೌಕರಿಯ ಭಯ ನಮಗೆ ತಿಳಿಯದ ವಿಷಯವಲ್ಲ. ಊರಿನ ಮನೆಯ ಖರ್ಚು ಆ ಸಂಬಳದ ಮೇಲೆಯೇ ನಿಂತಿರುತ್ತದೆ. ಆದರೂ ಸುಳ್ಳು ತೂಕವನ್ನು ನಂಬಿ ಚಾಲಕ ಘಾಟಿ ಇಳಿಯುತ್ತಾನೆಂಬುದನ್ನು ಆ ಗುಮಾಸ್ತ ಮರೆಯಬಾರದು. ನಿಜವಾದ ತೂಕ ಬರೆಯುವುದು ಅವನಿಂದ ಆಗುವ ಮೊದಲ ಕಟ್ಟು. ಒಬ್ಬನಿಂದ ಆಗದಿದ್ದರೆ ನಾಲ್ವರು ಕೂಡಿ ಹೇಳಲಿ, ಸಂಘದ ಮೂಲಕ ಹೇಳಲಿ.

ಹೋಟೆಲಿನವರಿಗೂ ಒಂದು ಮಾತು. ಅಕ್ಕಿ, ಎಣ್ಣೆ, ಗ್ಯಾಸಿನ ಸಿಲಿಂಡರು ತಡವಾಗಿ ಬಂದರೆ ಗಲ್ಲೆಯಲ್ಲಿ ಕೂತವರು ಲಾರಿಯವನ ಮೇಲೆ ರೇಗುವುದುಂಟು. ಕಟ್ಟಲು ಅರ್ಧ ಗಂಟೆ ಹೆಚ್ಚು ಹಿಡಿಯಿತೆಂದು ಅವನು ಹೇಳಿದರೆ ಆ ಅರ್ಧ ಗಂಟೆಗೆ ಬೆಲೆ ಕೊಡೋಣ. ಸಿಲಿಂಡರುಗಳನ್ನು ನಿಲ್ಲಿಸಿ ಕಟ್ಟಿ ತಂದಿದ್ದಾನೋ ಅಥವಾ ಉರುಳಾಡಿಸುತ್ತ ತಂದಿದ್ದಾನೋ ಎಂದು ಇಳಿಸಿಕೊಳ್ಳುವ ಮುನ್ನ ನೋಡೋಣ. ನಮ್ಮ ಹುಡುಗರನ್ನು ಮೂಟೆಗಳ ಮೇಲೆ ಕೂರಿಸಿ ಕಳಿಸದಿರೋಣ. ನಸುಕಿನಲ್ಲಿ ಕೆಲಸಕ್ಕೆ ನಡೆಯುವವರು ಹೇರಿದ ಲಾರಿಯ ಪಕ್ಕದಲ್ಲಿ, ಅದರಲ್ಲೂ ತಿರುವಿನ ಹೊರಮಗ್ಗುಲಲ್ಲಿ ನಿಲ್ಲದಿರಲಿ. ಅದು ದಾಟುವವರೆಗೆ ಒಂದು ನಿಮಿಷ ಕಾಯಲಿ.

ಚಾಲಕನೂ ನಮ್ಮಂತೆಯೇ ಊರು ಬಿಟ್ಟು ಬಂದವನು. ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿಯೇ ಮುಖ ತೊಳೆದು ಒಂದು ಖಡಕ್ ಚಹ ಕೇಳುವವನು. ಅವನ ಬೆನ್ನ ಮೇಲಿನ ಭಾರವನ್ನು ಏರಿಸಿದವರು ಅನೇಕರಿರುವಾಗ, ಅದು ಬಿದ್ದ ದಿನ ಕಟಕಟೆಯಲ್ಲಿ ಅವನೊಬ್ಬನೇ ನಿಲ್ಲುವುದು ನ್ಯಾಯವಲ್ಲ. ಹೊಣೆಯನ್ನು ಗೋದಾಮಿನ ಬಾಗಿಲಲ್ಲಿಯೇ ಹಂಚಿದರೆ ಆ ದಿನ ಬರುವುದೂ ವಿರಳವಾದೀತು. ಅಧಿಕಾರಿವರ್ಗವೂ ವ್ಯಾಪಾರಿವರ್ಗವೂ ಇದನ್ನು ಮನಗಾಣಲೆಂದು ನಾವು ಒತ್ತಾಯಪಡಿಸುತ್ತೇವೆ. ಚಲನು ಬರೆಯುವ ನಮ್ಮ ಗುಮಾಸ್ತ ಬಂಧುಗಳು ಈ ಹೊತ್ತಿನಿಂದಲೇ ತಮ್ಮ ಪಾಲಿನ ಕೆಲಸ ಆರಂಭಿಸಬಹುದು.